ನಾಯಿಗೆ ಎಸೆದ ಲಿವರ್ ಮತ್ತು ಮಗುವಿನ ಬೆನ್ನುಹುರಿ

ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿಯ ಶಾಲೆಯಲ್ಲಿ ಕುರಿಗಾರರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದಾಗ ನಾನು ಆಡಿದ ಮಾತು ಇದು. ಯಾರೋ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು, ಅದನ್ನು ಕೇಳಿಕೊಂಡು ಬರೆದಿದ್ದೇನೆ. ಕರೆಂಟ್ ಹೋಗಿ ಮೈಕ್ ನಿಂತ ಹೊತ್ತು, ಮಂಡಕ್ಕಿ ಮೆಣಸಿನಕಾಯಿ ಹಂಚಿದ ಗಲಾಟೆ ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳ ಡಾಕ್ಟರ್ ಅಲ್ಲ, ದನದ ಡಾಕ್ಟರ್. ಇಲ್ಲಿ ಕೂತಿರುವ ಅರ್ಧ ಜನಕ್ಕೆ ನನ್ನ ಮುಖ ಗೊತ್ತು, ನಿಮ್ಮ ಕುರಿಗಳಿಗೆ ಸೂಜಿ ಚುಚ್ಚಿದ್ದೇನೆ. "ಮಕ್ಕಳ ಬೆನ್ನುಹುರಿ ವಿಷಯ ಮಾತಾಡಕ್ಕೆ ದನದ ಡಾಕ್ಟ್ರು ಯಾಕೆ ಬರ್ತಾರೆ" ಅಂತ ಬೆಳಿಗ್ಗೆ ಯಾರೋ ಕೇಳಿದರಂತೆ. ಸರಿಯಾಗೇ ಕೇಳಿದ್ದಾರೆ. ಉತ್ತರ ಈಗಲೇ ಹೇಳಿಬಿಡುತ್ತೇನೆ. ನಾಯಿಯ ಹುಳುವಿನಿಂದ ಮಗುವಿನ ಬೆನ್ನುಹುರಿಗೆ ಬರುವ ಈ ಕಾಯಿಲೆಯಲ್ಲಿ ಮಕ್ಕಳ ಡಾಕ್ಟರ ಸರದಿ ಬರುವುದು ಕಟ್ಟಕಡೆಗೆ. ಅಷ್ಟರಲ್ಲಿ ಕುರಿ ಕೊಯ್ದವರು, ನಾಯಿ ಸಾಕಿದವರು, ಮತ್ತೆ ಆ ನಾಯಿಗೆ ಔಷಧಿ ಹಾಕಿಸಿ ಅಂತ ಹೇಳದೇ ಹೋದ ನಾನು, ಮೂರೂ ಜನ ನಮ್ಮ ನಮ್ಮ ತಪ್ಪು ಮಾಡಿ ಮುಗಿಸಿರುತ್ತೇವೆ.

ನಿಮಗೆ ಗೊತ್ತಿರುವುದರಿಂದಲೇ ಶುರು ಮಾಡೋಣ. ಮಂದೆಯಲ್ಲಿ ಒಂದು ಕುರಿ ಸುಮ್ನೆ ಒಂದೇ ಕಡೆಗೆ ಸುತ್ತು ಹಾಕುವುದನ್ನು ಯಾರು ಯಾರು ನೋಡಿದ್ದೀರಿ? ಕೈ ಎತ್ತಿ. ನೋಡಿ, ಮುದುಕರೆಲ್ಲ ಎತ್ತಿದರು. ತಲೆ ಓರೆ ಮಾಡಿಕೊಂಡು ಗಾಣದ ಎತ್ತಿನ ಹಾಗೆ ಸುತ್ತುತ್ತದೆ, ಮೇವು ಬಿಡುತ್ತದೆ, ಮಂದೆಯಿಂದ ಹಿಂದೆ ಬೀಳುತ್ತದೆ. ನೆತ್ತಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ಒಂದು ಕಡೆ ಮೂಳೆ ಮೆತ್ತಗಾಗಿರುತ್ತದೆ. ಅಲ್ಲಿ ತೂತು ಕೊರೆದು ನಾನು ಎಷ್ಟೋ ಸಲ ಒಳಗಿನ ನೀರುಗುಳ್ಳೆ ತೆಗೆದಿದ್ದೇನೆ. ಗುಳ್ಳೆಯ ಒಳಗೋಡೆಗೆ ಅಕ್ಕಿನುಚ್ಚು ಅಂಟಿಸಿದ ಹಾಗೆ ಬಿಳಿ ಬಿಳಿ ಚುಕ್ಕೆ. ಅದು ನಾಯಿಯ ಲಾಡಿಹುಳುವಿನ ಮರಿ. ಒಂದೊಂದು ಚುಕ್ಕೆಯೂ ಒಂದು ತಲೆ. ಅದೇ ಗುಳ್ಳೆ ಮಿದುಳು ಬಿಟ್ಟು ಬೆನ್ನುಹುರಿಯಲ್ಲಿ ಕೂತರೆ ಕುರಿ ಸುತ್ತು ಹಾಕುವುದಿಲ್ಲ, ಹಿಂಗಾಲು ಎಳೆಯುತ್ತದೆ. ಕುರಿಯಲ್ಲಿ ಕಂಡದ್ದನ್ನು ಮಗುವಿನಲ್ಲಿ ಕಂಡರೆ ಮಾತ್ರ ನಮಗೆ ಗುರುತು ಹತ್ತುವುದಿಲ್ಲ. ಗಾಳಿ ಸೋಕಿದೆ, ಉಳುಕಿದೆ, ಬಿದ್ದಿದ್ದಾನೆ ಅಂತೀವಿ.

ಕುರಿಯ ಮಿದುಳಿನ ಆ ಹುಳು ಮನುಷ್ಯರಿಗೆ ಬರುವುದು ಬಹಳ ಅಪರೂಪ. ಇವತ್ತಿನ ವಿಷಯ ಅದರ ದಾಯಾದಿ. ಕುರಿ ಕೊಯ್ದಾಗ ಲಿವರ್‌ನಲ್ಲಿ, ಶ್ವಾಸಕೋಶದಲ್ಲಿ ನಿಂಬೆಹಣ್ಣಿನಷ್ಟೋ ಕಿತ್ತಳೆಯಷ್ಟೋ ದೊಡ್ಡ ನೀರುಗುಳ್ಳೆ ಸಿಗುತ್ತದಲ್ಲ, ಅದು. ಡಾಕ್ಟರುಗಳು ಹೈಡಾಟಿಡ್ ಅಂತಾರೆ. ನಾವು ನೀರುಗುಳ್ಳೆ ಅಂತಲೇ ಅನ್ನೋಣ. ಕೊಯ್ದರೆ ನೀರು ಚಿಮ್ಮುತ್ತದೆ, ಒಳಗಿನ ಪೊರೆ ಬೇಯಿಸಿದ ಮೊಟ್ಟೆಯ ಬಿಳಿಭಾಗದ ಹಾಗೆ ಜಾರುತ್ತದೆ, ತಳದಲ್ಲಿ ಸಣ್ಣ ಮರಳಿನಂಥ ಪುಡಿ. ಇಂಥ ಲಿವರ್ ಸಿಕ್ಕರೆ ಏನು ಮಾಡುತ್ತೀರಿ ಅಂತ ಕೇಳಿದೆ. ಹಿಂದಿನ ಸಾಲಿನಿಂದ ಒಬ್ಬರು "ನಾಯಿಗೆ ಹಾಕ್ತೀವಿ, ಇನ್ನೇನು ದೇವರಿಗೆ ಇಡ್ತೀವಾ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಇಡೀ ಕಾಯಿಲೆ ಇರುವುದೇ ಆ ಎಸೆತದಲ್ಲಿ.

ಆ ಮರಳಿನ ಒಂದೊಂದು ಕಣವೂ ನಾಯಿಯ ಕರುಳಿನಲ್ಲಿ ಒಂದೊಂದು ಹುಳು ಆಗಬಲ್ಲದು. ಒಂದು ಲಿವರ್‌ನಿಂದ ಸಾವಿರಾರು. ಲಾಡಿಹುಳು ಅಂದರೆ ಮಾರುದ್ದ ಅಂತ ನೆನೆಸಿಕೊಳ್ಳಬೇಡಿ, ಇದು ಅಕ್ಕಿಕಾಳಿನಷ್ಟೂ ಉದ್ದ ಇರುವುದು ಕಷ್ಟ, ಹೆಚ್ಚೆಂದರೆ 7 ಮಿಲಿಮೀಟರ್. ನಾಯಿ ಸೊರಗುವುದಿಲ್ಲ, ಕೆಮ್ಮುವುದಿಲ್ಲ, ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತದೆ. ಆರೇಳು ವಾರ ಕಳೆಯುವ ಹೊತ್ತಿಗೆ ಅದರ ಮಲದಲ್ಲಿ ಹುಳುವಿನ ಮೊಟ್ಟೆ ಬೀಳಲು ಶುರು. ನಾಯಿ ಹಿಂದೆ ನೆಕ್ಕಿಕೊಳ್ಳುತ್ತದೆ, ಅದೇ ನಾಲಿಗೆಯಿಂದ ಮೈ ನೆಕ್ಕಿಕೊಳ್ಳುತ್ತದೆ, ಕೂದಲಿಗೆಲ್ಲ ಮೊಟ್ಟೆ. ಆಮೇಲೆ ಮಗು ಅದರ ಕುತ್ತಿಗೆ ತಬ್ಬಿಕೊಂಡು, ಅದೇ ಕೈಯಲ್ಲಿ ರೊಟ್ಟಿ ಮುರಿದು ತಿನ್ನುತ್ತದೆ. ಇನ್ನೊಂದು ಕಡೆ ಅದೇ ಮೊಟ್ಟೆ ಹುಲ್ಲಿನ ಜೊತೆ ಕುರಿಯ ಹೊಟ್ಟೆಗೂ ಹೋಗಿ ಮತ್ತೆ ಲಿವರ್‌ನಲ್ಲಿ ಗುಳ್ಳೆ. ಹೀಗೆ ಸುತ್ತುತ್ತಲೇ ಇರುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು, ಯಾಕೆಂದರೆ ಮೊನ್ನೆ ದಾವಣಗೆರೆಯಲ್ಲಿ ಓದಿಕೊಂಡ ನೆಂಟರೊಬ್ಬರೇ ಇದನ್ನು ತಪ್ಪು ಹೇಳಿದರು. ಕುರಿ ಮಾಂಸ ತಿಂದರೆ ಈ ಗುಳ್ಳೆ ಬರುವುದಿಲ್ಲ. ಗುಳ್ಳೆ ಇದ್ದ ಲಿವರ್ ತಿಂದರೂ ಮನುಷ್ಯರಿಗೆ ಬರುವುದಿಲ್ಲ. ಬರುವುದು ನಾಯಿಯ ಹುಳುವಿನ ಮೊಟ್ಟೆ ಬಾಯಿಗೆ ಹೋದರೆ ಮಾತ್ರ. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಮನೆಯ ಮಗುವಿಗೂ ಬರಬಹುದು. ಕಾಯಿಲೆ ಬಂದ ಮಗುವಿನಿಂದ ಇನ್ನೊಂದು ಮಗುವಿಗೆ ಅಂಟುವುದಿಲ್ಲ, ಪಕ್ಕದಲ್ಲಿ ಕೂರಿಸಬೇಡಿ ಅಂತ ಶಾಲೆಯಲ್ಲಿ ಗಲಾಟೆ ಮಾಡಬೇಡಿ.

ಹೊಟ್ಟೆಗೆ ಹೋದ ಮೊಟ್ಟೆ ಒಡೆದು ಮರಿ ಕರುಳಿನ ಗೋಡೆ ಕೊರೆದು ರಕ್ತಕ್ಕೆ ಸೇರುತ್ತದೆ. ರಕ್ತ ಮೊದಲು ಹೋಗುವುದು ಲಿವರ್‌ಗೆ, ಅದೊಂದು ಜರಡಿ ಇದ್ದ ಹಾಗೆ, ಬಹುಪಾಲು ಮರಿ ಅಲ್ಲೇ ಸಿಕ್ಕಿಬೀಳುತ್ತವೆ. ತಪ್ಪಿಸಿಕೊಂಡದ್ದಕ್ಕೆ ಎರಡನೇ ಜರಡಿ ಶ್ವಾಸಕೋಶ. ಮಕ್ಕಳಲ್ಲಿ ಶ್ವಾಸಕೋಶದ ಪಾಲು ದೊಡ್ಡವರಿಗಿಂತ ಜಾಸ್ತಿ. ಎರಡೂ ಜರಡಿ ದಾಟಿದವು ಎಲ್ಲಿಗೆ ಬೇಕಾದರೂ ಹೋಗಬಹುದು. ಮೂಳೆಗೆ ಹೋಗುವುದು ನೂರರಲ್ಲಿ ಒಂದೆರಡು, ಹಾಗೆ ಮೂಳೆಗೆ ಹೋದದ್ದರಲ್ಲಿ ಸುಮಾರು ಅರ್ಧ ಕೂರುವುದು ಬೆನ್ನುಮೂಳೆಯಲ್ಲಿ, ಅದರಲ್ಲೂ ಎದೆಯ ಹಿಂಭಾಗದಲ್ಲಿ. ಅಪರೂಪವೇ, ಹೆದರಿಸಲು ಹೇಳುತ್ತಿಲ್ಲ. ಆದರೆ ಲಿವರ್‌ನಲ್ಲಿ ಗುಳ್ಳೆ ಮುಷ್ಟಿಯಷ್ಟಾದರೂ ಮಗು ಆಡಿಕೊಂಡಿರುತ್ತದೆ, ಲಿವರ್‌ನಲ್ಲಿ ಜಾಗ ಇದೆ. ಬೆನ್ನುಹುರಿ ಇರುವ ಕೊಳವೆಯಲ್ಲಿ ಜಾಗ ಎಲ್ಲಿದೆ? ಹುರಿ ಅಂದರೆ ಕಿರುಬೆರಳಿನ ದಪ್ಪ. ಸುತ್ತ ಮೂಳೆ. ಒಳಗೆ ದ್ರಾಕ್ಷಿಯಷ್ಟು ಗುಳ್ಳೆ ಬಂದರೂ ಒತ್ತಿಬಿಡುತ್ತದೆ. ಮೂಳೆಯೊಳಗೆ ಅದು ದುಂಡಗೆ ಬೆಳೆಯಲೂ ಆಗದೆ, ಗೆದ್ದಲು ತೊಲೆಗೆ ಇಳಿದ ಹಾಗೆ ಸಂದಿ ಸಂದಿಯಲ್ಲಿ ನುಗ್ಗಿ ಕೊನೆಗೆ ಕೊಳವೆಗೆ ಒಡೆದು ಬರುತ್ತದೆ. ವರ್ಷಗಟ್ಟಲೆ ಹಿಡಿಯುತ್ತದೆ. ಮೂರನೇ ವಯಸ್ಸಿನಲ್ಲಿ ನುಂಗಿದ ಮೊಟ್ಟೆಗೆ ಹತ್ತರಲ್ಲೋ ಇಪ್ಪತ್ತರಲ್ಲೋ ಕಾಲು ಕಳೆದುಕೊಳ್ಳುವುದು.

ನನಗೆ ಇದು ತಲೆಗೆ ಹತ್ತಿದ್ದು ಒಬ್ಬ ಹುಡುಗಿಯಿಂದ. ಹೆಸರು, ಊರು ಹೇಳುವುದಿಲ್ಲ. ಅವರಪ್ಪನ ಕುರಿಗಳಿಗೆ ನಾನೇ ಲಸಿಕೆ ಹಾಕುತ್ತಿದ್ದೆ. ಹುಡುಗಿಗೆ ಹತ್ತು ವರ್ಷ. ರಾತ್ರಿ ಮಲಗಿದರೆ ಬೆನ್ನು ನೋವು ಅಂತ ಅಳುತ್ತಿದ್ದಳು. ಹಗಲು ಆಡಿದ್ದಕ್ಕೆ ಅಂತ ಅವ್ವ ಹರಳೆಣ್ಣೆ ತಿಕ್ಕಿದಳು. ಆಮೇಲೆ ನಡೆಯುವಾಗ ಎಡವಲು ಶುರು. ಒಂದು ದಿನ ನಾನು ರೊಪ್ಪದ ಹತ್ತಿರ ನಿಂತಿದ್ದಾಗ ಆ ಹುಡುಗಿ ನೀರು ತರುತ್ತಿದ್ದಳು. ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಬಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ಹತ್ತು ಹೆಜ್ಜೆ ನಡೆದಳು, ತಿರುಗಿ ನೋಡಲಿಲ್ಲ. ನಾನು ಕೂಗಿ "ಚಪ್ಪಲಿ ಬಿತ್ತು ಕಣವ್ವ" ಅಂದೆ, ಅವಳು ಕಾಲು ನೋಡಿಕೊಂಡು ನಕ್ಕಳು. ನಾನೂ ನಕ್ಕು ಸುಮ್ಮನಾದೆ. ಆ ನಗು ನನಗೆ ಈಗಲೂ ಚುಚ್ಚುತ್ತದೆ. ಕರು ಒಂದು ಕಾಲನ್ನು ಹಾಗೆ ಎಳೆದಿದ್ದರೆ ಅಲ್ಲೇ ಕೆಡವಿಕೊಂಡು ಬೆನ್ನು ಮುಟ್ಟಿ ನೋಡುತ್ತಿದ್ದೆ.

ಮುಂದಿನ ನಾಲ್ಕು ತಿಂಗಳು ಹೀಗೆ ಹೋದವು. ಮೂಳೆ ಕಟ್ಟುವವರು ಬೆನ್ನಿಗೆ ಪಟ್ಟು ಹಾಕಿದರು. ತಾಯಿತ ಆಯಿತು. ಒಂದು ಕ್ಲಿನಿಕ್ಕಿನಲ್ಲಿ ಬೆಳೆಯುವ ವಯಸ್ಸು, ಕ್ಯಾಲ್ಸಿಯಂ ಕಮ್ಮಿ ಅಂತ ಟಾನಿಕ್ ಕೊಟ್ಟರು. ಇನ್ನೊಂದು ಕಡೆ ಸೊಂಟದ ಎಕ್ಸ್‌ರೇ ತೆಗೆದರು, ಸಮಸ್ಯೆ ಇದ್ದದ್ದು ಅದಕ್ಕಿಂತ ಮೇಲೆ. ಕಾಲು ಸೆಟೆದುಕೊಂಡವು. ಕೊನೆಗೆ ಒಂದು ದಿನ ಬೆಳಗಿನಿಂದ ಸಂಜೆವರೆಗೆ ಉಚ್ಚೆ ಕಟ್ಟಿತು, ಆಗ ದಾವಣಗೆರೆಗೆ ಓಡಿದರು. ಎಂಆರ್‌ಐನಲ್ಲಿ ಬೆನ್ನುಹುರಿಗೆ ಅಂಟಿಕೊಂಡ ಗುಳ್ಳೆಗಳ ಗೊಂಚಲು ಕಂಡಿತು, ಅಲ್ಲಿಂದ ಬೆಂಗಳೂರು, ಆಪರೇಷನ್. ಅವರಪ್ಪ ಫೋನು ಮಾಡಿ "ಸಾರ್, ಕುರಿ ಕಲೇಜದಾಗೆ ಇರ್ತಾವಲ್ಲ, ಅದೇ ಗುಳ್ಳೆ ಅಂತೆ" ಅಂದಾಗ ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಈಗ ಹುಡುಗಿ ನಡೆಯುತ್ತಾಳೆ, ಸ್ವಲ್ಪ ಕುಂಟು ಉಳಿದಿದೆ. ಉಚ್ಚೆಯ ಹಿಡಿತ ಬರಲು ವರ್ಷ ಆಯಿತು. ಹುರಿ ಎಷ್ಟು ದಿನ ಒತ್ತಿಸಿಕೊಂಡಿತ್ತು ಅನ್ನುವುದರ ಮೇಲೆ ಎಷ್ಟು ವಾಪಸ್ ಬರುತ್ತದೆ ಅನ್ನುವುದು ನಿಂತಿದೆ.

ಹಾಗಾಗಿ ಅಕ್ಕಂದಿರೇ, ಆಶಾ ಅಂಗನವಾಡಿಯವರು ವಿಶೇಷವಾಗಿ, ಹುಳುವಿನ ಹೆಸರು ಮರೆತರೂ ಪರವಾಗಿಲ್ಲ, ಇದು ಮರೆಯಬೇಡಿ. ರಾತ್ರಿ ಎಬ್ಬಿಸುವ ಬೆನ್ನುನೋವು ಮಕ್ಕಳಿಗೆ ಸಹಜ ಅಲ್ಲ. ಚೆನ್ನಾಗಿ ಓಡಾಡುತ್ತಿದ್ದ ಮಗು ಎಡವತೊಡಗಿದರೆ, ಚಪ್ಪಲಿ ಕಳಚಿದ್ದು ಗೊತ್ತಾಗದಿದ್ದರೆ, ಕಾಲು ಜೋಮು ಅಂದರೆ, ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಮಾಡಿದರೆ ಅಥವಾ ಉಚ್ಚೆ, ಕಕ್ಕಸ್ಸು ಕಟ್ಟಿದರೆ, ಬೆನ್ನು ತಿಕ್ಕಿಸುತ್ತಾ ಕೂರಬೇಡಿ. ಅದೇ ದಿನ ದೊಡ್ಡ ಆಸ್ಪತ್ರೆ. ಕಾರಣ ಹುಳುವೇ ಅಂತ ನಾನು ಹೇಳುತ್ತಿಲ್ಲ, ನಮ್ಮ ದೇಶದಲ್ಲಿ ಮಕ್ಕಳ ಬೆನ್ನುಮೂಳೆ ತಿನ್ನುವುದರಲ್ಲಿ ಹುಳುವಿಗಿಂತ ಕ್ಷಯವೇ ಮುಂದೆ. ಯಾವುದೇ ಆಗಲಿ, ಹುರಿ ಕಾಯುವುದಿಲ್ಲ. ಮತ್ತೆ 15 ವರ್ಷದೊಳಗಿನ ಮಗುವಿಗೆ ಇದ್ದಕ್ಕಿದ್ದ ಹಾಗೆ ಕೈಯೋ ಕಾಲೋ ಜೋಲುಬಿದ್ದರೆ ನೀವು ತಿಳಿಸಲೇಬೇಕು ಅಂತ ನಿಮಗೆ ತರಬೇತಿಯಲ್ಲಿ ಹೇಳಿರುತ್ತಾರೆ, ಪೋಲಿಯೊ ಕಾವಲಿಗಾಗಿ. ನಮ್ಮ ದೇಶದಲ್ಲಿ ತಾನಾಗಿ ಹರಡುವ (ವೈಲ್ಡ್) ಪೋಲಿಯೊ ಕೊನೆಗೆ ಕಂಡದ್ದು 2011ರ ಜನವರಿಯಲ್ಲಿ, ಆದರೂ ಕಾವಲು ನಿಂತಿಲ್ಲ. ಆ ದಾರಿ ಹಿಡಿದರೂ ಮಗು ಬೇಗ ಡಾಕ್ಟರ ಮುಂದೆ ಬರುತ್ತದೆ.

ಚಿಕಿತ್ಸೆ ಬಗ್ಗೆ ಜಾಸ್ತಿ ಹೇಳಲು ನಾನು ಯಾರೂ ಅಲ್ಲ, ಎರಡು ಮಾತು ಮಾತ್ರ. ಗುಳ್ಳೆ ಒಡೆಯದ ಹಾಗೆ ತೆಗೆಯುವುದೇ ಆಪರೇಷನ್ನಿನ ಕಷ್ಟ. ಒಡೆದರೆ ಒಳಗಿನ ನೀರು ಚೆಲ್ಲಿ ಮಗುವಿಗೆ ಜೀವಕ್ಕೇ ಕುತ್ತಾಗುವಂಥ ಅಲರ್ಜಿ ಆಗಬಹುದು, ಆ ಮರಳು ಹರಡಿ ಮತ್ತೆ ಹೊಸ ಗುಳ್ಳೆ ಬರಬಹುದು. ಬೆನ್ನುಮೂಳೆಯಲ್ಲಿ ಇದು ಮತ್ತೆ ಮತ್ತೆ ಬರುವುದು ಜಾಸ್ತಿ, ಅದಕ್ಕೇ ಆಲ್ಬೆಂಡಜೋಲ್ ಮಾತ್ರೆ ತಿಂಗಳುಗಟ್ಟಲೆ ಕೊಡುತ್ತಾರೆ, ನಡುನಡುವೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಈ ಮಾತ್ರೆ ಖಾಲಿ ಹೊಟ್ಟೆಗೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ, ಜಿಡ್ಡಿನ ಊಟದ ಜೊತೆ ಹಲವು ಪಟ್ಟು ಹತ್ತುತ್ತದೆ. ಆ ಹುಡುಗಿಗೆ ಅವರಪ್ಪ ದಿನಾ ರೊಟ್ಟಿಗೆ ಬೆಣ್ಣೆ ಮೆತ್ತಿ ಕೊಡುತ್ತಿದ್ದ. ದಾವಣಗೆರೆಗೆ ತಪಾಸಣೆಗೆ ಹೋದ ದಿನ ಮಾತ್ರ ಬೆಣ್ಣೆ ದೋಸೆ. ಔಷಧಿ ನೆಪದಲ್ಲಿ ಎರಡೆರಡು ತಿಂತಿದ್ದಳಂತೆ.

"ಶಾಲೆಯಲ್ಲಿ ಜಂತುಹುಳು ಮಾತ್ರೆ ಕೊಡ್ತಾರಲ್ಲ ಸಾರ್, ಅದೇ ಅಲ್ವಾ ಇದು?" ಅಂತ ಒಬ್ಬ ಅಂಗನವಾಡಿ ಟೀಚರ್ ಕೇಳಿದರು. ಒಳ್ಳೆಯ ಪ್ರಶ್ನೆ. ಮಾತ್ರೆ ಅದೇ. 2015ರಲ್ಲಿ ಶುರುವಾಗಿ, ಈಗ ಫೆಬ್ರವರಿ, ಆಗಸ್ಟ್‌ನಲ್ಲಿ ದೇಶದ ತುಂಬ ಕೊಡುತ್ತಿದ್ದಾರೆ, ತಪ್ಪದೇ ಕೊಡಿಸಿ. ಆದರೆ ಆ ಒಂದು ಮಾತ್ರೆ ಕರುಳಿನಲ್ಲಿರುವ ಹುಳಕ್ಕೆ. ಬೆನ್ನುಮೂಳೆಯಲ್ಲೋ ಮಿದುಳಲ್ಲೋ ಕೂತ ಗುಳ್ಳೆಗೆ ಅದು ಸಾಲದು. ಹಾಗಂತ ಅಂಗಡಿಯಿಂದ ನೀವೇ ತಂದು ದಿನಾ ನುಂಗಿಸಲೂ ಬೇಡಿ. ಹಂದಿಯ ಲಾಡಿಹುಳುವಿನ ಮೊಟ್ಟೆಯಿಂದ ಆಗುವ ಇನ್ನೊಂದು ಗುಳ್ಳೆ ಇದೆ, ಮಕ್ಕಳಿಗೆ ಫಿಟ್ಸ್ ಬರುತ್ತದಲ್ಲ, ಅದಕ್ಕೆ ನಮ್ಮಲ್ಲಿ ದೊಡ್ಡ ಕಾರಣ ಅದು. ಹೆಚ್ಚಾಗಿ ಮಿದುಳಿನಲ್ಲಿ ಕೂರುತ್ತದೆ, ನೂರರಲ್ಲಿ ಒಂದರಿಂದ ಐದು ಜನಕ್ಕೆ ಬೆನ್ನುಹುರಿಯಲ್ಲಿ. ಮಾತ್ರೆಗೆ ಆ ಗುಳ್ಳೆ ಸಾಯುವಾಗ ಸುತ್ತ ಊತ ಬರುತ್ತದೆ, ಇರುವ ಬಲವೂ ಹೋಗಬಹುದು. ಅದಕ್ಕೇ ಡಾಕ್ಟರು ಊತ ತಡೆಯುವ ಸ್ಟೆರಾಯ್ಡ್ ಜೊತೆಗೇ ಕೊಡುವುದು. ಇದೂ ಹಂದಿ ತಿನ್ನದವರಿಗೂ ಬರುತ್ತದೆ. ಹೊಟ್ಟೆಯಲ್ಲಿ ಲಾಡಿಹುಳು ಇರುವ ಯಾರೋ ಒಬ್ಬರು ಕಕ್ಕಸ್ಸಿಗೆ ಹೋಗಿ ಕೈ ತೊಳೆಯದೆ ಅಡುಗೆ ಬಡಿಸಿದರೆ ಸಾಕು.

ನಾಯಿಮರಿಗಳ ವಿಷಯ ಬೇರೆ ಇದೆ. ತಾಯಿ ಹೊಟ್ಟೆಯಲ್ಲೇ ಮರಿಗೆ ದುಂಡುಹುಳು ಬಂದಿರುತ್ತದೆ, ಹುಟ್ಟಿದ ಮೂರು ನಾಲ್ಕು ವಾರಕ್ಕೇ ಅದು ಮೊಟ್ಟೆ ಹಾಕಲು ಶುರು ಮಾಡುತ್ತದೆ. ಮಣ್ಣು ತಿನ್ನುವ ಮಗುವಿನ ಹೊಟ್ಟೆಗೆ ಆ ಮೊಟ್ಟೆ ಹೋದರೆ ಮರಿಹುಳು ದಾರಿ ತಪ್ಪಿದ ಹಾಗೆ ಮೈಯೆಲ್ಲ ಅಲೆಯುತ್ತದೆ. ಲಿವರ್, ಕಣ್ಣು, ಅಪರೂಪಕ್ಕೆ ಬೆನ್ನುಹುರಿ. ಸಮಾಧಾನ ಏನೆಂದರೆ ಈ ಮೊಟ್ಟೆ ಮಣ್ಣಿನಲ್ಲಿ ಎರಡು ವಾರವಾದರೂ ಮಾಗಬೇಕು. ಮನೆ ಕಟ್ಟಲು ಹಾಕಿದ ಮರಳುಗುಡ್ಡೆಯಲ್ಲಿ ನಾಯಿ ಮಾಡಿದ್ದನ್ನು ದಿನಾ ತೆಗೆದರೆ ಅರ್ಧ ಗೆದ್ದ ಹಾಗೆ. ಕುರಿ-ನಾಯಿ ಹುಳುವಿನ ಮೊಟ್ಟೆಗೆ ಆ ಪುರುಸೊತ್ತು ಇಲ್ಲ, ಬಿದ್ದ ಕ್ಷಣದಿಂದಲೇ ಅಪಾಯ. ಆಫ್ರಿಕಾ, ಬ್ರೆಜಿಲ್ ಕಡೆ ಕೆರೆ ಬಸವನಹುಳುವಿನಿಂದ ಬರುವ ಒಂದು ಹುಳುವಿನ ಮೊಟ್ಟೆ ಬೆನ್ನುಹುರಿಯ ತುದಿಯಲ್ಲಿ ಕೂತು ಮಕ್ಕಳ ಕಾಲು ಕಟ್ಟಿಹಾಕುತ್ತದೆ. ಅದು ನಮ್ಮ ಕಡೆಯ ಕಾಯಿಲೆ ಅಲ್ಲ, ಫೋನಿನಲ್ಲಿ ವಿಡಿಯೊ ನೋಡಿ ಮಕ್ಕಳನ್ನು ಈಜಲು ಬಿಡದೇ ಇರಬೇಡಿ. ಬಾವಿಯಲ್ಲಿ ಮುಳುಗದ ಹಾಗೆ ನೋಡಿಕೊಳ್ಳಿ ಸಾಕು.

ಈಗ ನಮ್ಮ ಕೈಯಲ್ಲಿರುವುದು. "ಹಂಗಾದ್ರೆ ನಾಯಿ ಸಾಕಾದೇ ಬಿಡಬೇಕಾ? ತೋಳ ಬಂದ್ರೆ ನೀವು ಬಂದು ಬೊಗಳ್ತೀರಾ?" ಅಂತ ಕಂಬಳಿ ಹೊದ್ದ ಅಜ್ಜ ಒಬ್ಬರು ಎದ್ದು ನಿಂತು ಕೇಳಿದರು. ಬಿಡಬೇಡಿ ಅಜ್ಜ. ನಾಯಿ ಇರಲಿ, ಹಸಿ ಲಿವರ್ ಬೇಡ. ಹಾಕಲೇಬೇಕು ಅಂದರೆ ತುಂಡು ಮಾಡಿ ಮುಕ್ಕಾಲು ಗಂಟೆ ಕುದಿಸಿ ಹಾಕಿ, ಕುದಿಸಿದರೆ ಮರಳು ಸಾಯುತ್ತದೆ. ಇಲ್ಲವೇ ಮೊಣಕಾಲಿಗಿಂತ ಆಳಕ್ಕೆ ಗುಂಡಿ ತೋಡಿ ಹೂತು ಮೇಲೆ ಜಾಲಿ ಮುಳ್ಳು ಹಾಕಿ ಕಲ್ಲು ಹೇರಿ. ಬಯಲಲ್ಲಿ ಸತ್ತ ಮುದಿ ಕುರಿಯನ್ನು ಹಾಗೇ ಬಿಟ್ಟುಬರುವುದು ಇನ್ನೂ ಕೆಟ್ಟದ್ದು, ವಯಸ್ಸಾದ ಕುರಿಯಲ್ಲೇ ಗುಳ್ಳೆ ಬಲಿತಿರುವುದು. ದಾವಣಗೆರೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ನಮ್ಮ ಊರ ಮಾರಮ್ಮನದು ಅದರ ಪಾಡಿಗೆ ಅದು. ಬಾಡೂಟ ಬೇಡ ಅಂತ ನಾನು ಹೇಳಿದರೆ ನನ್ನ ಮನೆಯವರೇ ಬಿಡುವುದಿಲ್ಲ. ಊಟ ಮಾಡಿ, ಗುಳ್ಳೆಯ ಲಿವರ್ ಮಾತ್ರ ಗುಂಡಿಗೆ.

ನಾಯಿಗೆ ಮಾತ್ರೆ ಹಾಕುವಾಗ ಒಂದು ಗಮನಿಸಿ. ಮಾಮೂಲಿ ಜಂತುಹುಳು ಮಾತ್ರೆಗೆ ಈ ಹುಳು ಜಗ್ಗುವುದಿಲ್ಲ. ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯೇ ಬೇಕು, ನಾಯಿಯ ತೂಕ ನೋಡಿ ಕೊಡುವುದು. ನಾಯಿಗೆ ಮತ್ತೆ ಹುಳು ಸೇರಿ ಮೊಟ್ಟೆ ಹಾಕಲು ಆರೇಳು ವಾರ ಬೇಕು ಅಂದೆನಲ್ಲ, ಅದಕ್ಕೇ ಆರು ವಾರಕ್ಕೊಮ್ಮೆ ಕೊಟ್ಟರೆ ಅದಕ್ಕೆ ಮೊಟ್ಟೆ ಹಾಕುವ ಅವಕಾಶವೇ ಸಿಗುವುದಿಲ್ಲ. ಮಾತ್ರೆ ಕೊಟ್ಟ ಎರಡು ದಿನ ಕಟ್ಟಿಹಾಕಿ, ಅದರ ಮಲ ಹೂಳಿ. ಮೊಟ್ಟೆಗೆ ನಮ್ಮ ಚಿತ್ರದುರ್ಗದ ಬಿಸಿಲು ಆಗುವುದಿಲ್ಲ, ಒಣಗಿದರೆ ಸಾಯುತ್ತದೆ. ನೀರಿನ ತೊಟ್ಟಿ ಪಕ್ಕದ ತಂಪಿನಲ್ಲಿ, ನಾಯಿ ಮಲಗುವುದೂ ಅಲ್ಲೇ ಮಕ್ಕಳು ಆಡುವುದೂ ಅಲ್ಲೇ, ತಿಂಗಳುಗಟ್ಟಲೆ ಇರುತ್ತದೆ.

ಇದೆಲ್ಲ ಆಗುವ ಮಾತಾ ಅಂತ ಕೇಳಿದರು. ಐಸ್‌ಲ್ಯಾಂಡ್ ಅಂತ ಒಂದು ದೇಶ, ಅಲ್ಲೂ ಕುರಿ, ನಾಯಿ, ಈ ಗುಳ್ಳೆ, ನಮಗಿಂತ ಕೆಟ್ಟ ಸ್ಥಿತಿ. 1860ರ ದಶಕದಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಅನ್ನುವವರು ಅಲ್ಲಿಗೆ ಹೋಗಿ ನೋಡಿ ಒಂದು ಸಣ್ಣ ಪುಸ್ತಕ ಬರೆದರು, ಅದನ್ನು ಮನೆಮನೆಗೆ ಹಂಚಿದರು. ಆಗ ಈ ಮಾತ್ರೆ ಇರಲಿಲ್ಲ, ಸ್ಕ್ಯಾನಿಂಗ್ ಇರಲಿಲ್ಲ. ಗುಳ್ಳೆ ಹೂಳಿ, ಸುಡಿ, ನಾಯಿಗೆ ಹಾಕಬೇಡಿ ಅನ್ನುವ ಮಾತಿನಿಂದಲೇ ಹೆಚ್ಚಾಗಿ ಕಾಯಿಲೆ ಇಳಿಯಿತು, ಕೊನೆಗೆ ಇಲ್ಲವಾಯಿತು. ಕೋಟಿಗಟ್ಟಲೆ ಕುರಿ ಇರುವ ನ್ಯೂಜಿಲೆಂಡ್ ನಾಯಿಗಳಿಗೆ ಔಷಧಿ ಹಾಕಿ ಹಾಕಿ 2002ರಲ್ಲಿ ನಮ್ಮಲ್ಲಿ ಇದು ಇಲ್ಲ ಅಂತ ಹೇಳುವ ಮಟ್ಟಕ್ಕೆ ಬಂತು. ಅವರಿಗೂ ದಶಕಗಳೇ ಹಿಡಿದವು.

ಕೊನೆಗೆ ನಾನೇ ಒಂದು ಪ್ರಶ್ನೆ ಕೇಳಿದೆ, ಈ ಹಟ್ಟಿಯಲ್ಲಿ ನಾಯಿ ಎಷ್ಟಿವೆ? ಏಳು ಅಂದರು ಒಬ್ಬರು. ಇನ್ನೊಬ್ಬರು ಹತ್ತು. ಕಂಬಳಿ ಅಜ್ಜ "ಅವು ಎಲ್ಲಾರ ನಾಯಿ, ಲೆಕ್ಕ ಎಲ್ಲೈತೆ" ಅಂದರು. ಆಗ ಮುಂದೆ ಕೂತಿದ್ದ ನಾಲ್ಕನೇ ಕ್ಲಾಸಿನ ಹುಡುಗ ಎದ್ದು "ಹತ್ತೊಂಬತ್ತು ಸಾರ್" ಅಂದ. ಯಾರೂ ನಂಬಲಿಲ್ಲ. ಬಾ ಬರಿ ಅಂತ ಚಾಕ್‌ಪೀಸ್ ಕೊಟ್ಟೆ. ಬೋರ್ಡಿನ ಮೇಲೆ ಕರಿಯ, ಬಿಳಿಯ, ಮೋತಿ, ಕುಂಟ, ಸಣ್ ಕರಿಯ ಅಂತ ಬರೆಯುತ್ತಾ ಹೋದ, ಉಳಿದ ಮಕ್ಕಳು ಕೂಗಿ ಕೂಗಿ ಸೇರಿಸಿದರು, ಇಪ್ಪತ್ತೊಂದಾಯಿತು, ಮೊನ್ನೆ ಈದ ಮರಿಗಳನ್ನು ಬಿಟ್ಟು. ಪ್ರತಿ ಹೆಸರಿನ ಮುಂದೆ ಅಂದಾಜು ತೂಕ ಬರೆಸಿದೆ. ಚೀಲದಲ್ಲಿ ನಾನು ತಂದಿದ್ದ ಮಾತ್ರೆ ಹನ್ನೆರಡು ನಾಯಿಗೆ ಆಗುವಷ್ಟು ಮಾತ್ರ ಇತ್ತು. ಉಳಿದ ಒಂಬತ್ತಕ್ಕೆ ಸೋಮವಾರ ತರುತ್ತೇನೆ ಅಂತ ಹೇಳಿ, ಬೋರ್ಡು ಒರೆಸಬೇಡಿ ಅಂತ ಮೇಷ್ಟ್ರಿಗೆ ಕೇಳಿಕೊಂಡು ಬಂದೆ.